ಮೂರನೇ ತಂತಿ

ವಸಂತದ ಶಮ್ಮುನ್ನಸೀಮ್ ಹಬ್ಬದ ಬೆಳಿಗ್ಗೆ, ಹೆಂಡತಿ ಹಬ್ಬದೂಟದ ಉಪ್ಪುಮೀನಿನ ಡಬ್ಬಿ ಬಿಚ್ಚಲು ಮಹಡಿಗೆ ಹೋದದ್ದನ್ನು ನೋಡಿಕೊಂಡು, ಬಸ್ಯೂನಿ ಕೋಣೆಯ ಬಾಗಿಲು ಹಾಕಿ ತನ್ನ ತಂತಿವಾದ್ಯ ಸಿಂಸಿಮಿಯ್ಯಾವನ್ನು ಮಡಿಲಿಗೆ ಎಳೆದುಕೊಂಡ. ಮೂರನೇ ಬಿರಡೆಯನ್ನು ಕೂದಲೆಳೆಯಷ್ಟು ಸಡಿಲಿಸಿದ. ತಂತಿ ಮೀಟಿ ನೋಡಿದ. ಇನ್ನೊಂದು ಕೂದಲೆಳೆ ಇಳಿಸಿದ. ಆಮೇಲೆ ವಾದ್ಯವನ್ನು ಹಳೇ ಕಂಬಳಿಯಲ್ಲಿ ಸುತ್ತಿ ಮೂಲೆಗಿಟ್ಟು, ಏನೂ ಮಾಡದವನ ಹಾಗೆ ಹಸಿ ಈರುಳ್ಳಿ ಸುಲಿಯಲು ಕೂತ.

ಸಮುದ್ರದ ತೇವಕ್ಕೆ ಮರ ಉಬ್ಬಿ ತಂತಿ ಬಿಗಿದುಕೊಂಡಿತ್ತು, ಸರಿಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡ. ಸುಳ್ಳು. ಅವನಿಗೆ ಹೆದರಿಕೆಯಾಗಿತ್ತು.

ಸಿಂಸಿಮಿಯ್ಯಾಕ್ಕೆ ಇರುವುದೇ ಐದು ತಂತಿ. ಹೇಗೆ ಶ್ರುತಿ ಕೂಡಿಸಿ ಕೂತಿರೋ ಹಾಗೆಯೇ ಹಾಡು. ನಡುವೆ ಮನಸ್ಸು ಬದಲಾಯಿಸುವಂತಿಲ್ಲ. ಮೂರನೇ ತಂತಿ ತುಸು ಕೆಳಗಿದ್ದರೆ ಕೀಲಿಕೈ ಬಳಗದ ಹಳೆಯ ಹಾಡುಗಳು ಬರುತ್ತವೆ. ತುಸು ಮೇಲಿದ್ದರೆ ಆಚೆದಡ ಬಳಗದ ಹೊಸ ಹಾಡುಗಳು. ಹೊಸತನ್ನೆಲ್ಲ ಬೇಕೆಂದೇ ಹಾಗೆ ಕಟ್ಟಿದ್ದರು, ಬೆರಳು ಮೈಮರೆತೂ ಹಳೆಯ ದಾರಿಗೆ ಹೊರಳಬಾರದೆಂದು. ಆ ಉಪಾಯ ಹೂಡಿದವನೂ ಈ ಬಸ್ಯೂನಿಯೇ. ಈಗ ಅದನ್ನು ಕದ್ದುಮುಚ್ಚಿ ಕೆಡಿಸಿದವನೂ ಅವನೇ. ಐವತ್ತಾರು ವರ್ಷದ ಗಂಡಸು!

ಕೀಲಿಕೈ ಬಳಗ ಹುಟ್ಟಿದ್ದು ಯುದ್ಧದ ಕಾಲದಲ್ಲಿ. ಪೋರ್ಟ್ ಸಯೀದಿನ ಜನ ಮನೆಗಳಿಗೆ ಬೀಗ ಜಡಿದು ಊರು ಬಿಟ್ಟು, ಯಾರದೋ ಊರಿನ ಶಾಲೆಗಳಲ್ಲಿ, ಯಾರದೋ ಜಗಲಿಗಳಲ್ಲಿ ವರ್ಷಗಟ್ಟಲೆ ದಿನ ದೂಡಿದರಲ್ಲ, ಆಗ ಶುಹ್ದಿ ಹಾಡುತ್ತಿದ್ದ, ಬಸ್ಯೂನಿ ನುಡಿಸುತ್ತಿದ್ದ. ಬೀಗ ಹಾಕಿ ಬಂದ ಮನೆಯ ಕೀಲಿಕೈ ಬಗ್ಗೆ ಅವರದೊಂದು ಹಾಡಿತ್ತು. ಅದು ಶುರುವಾಯಿತೆಂದರೆ ಗಂಡಸರು ಜೇಬಿನಿಂದ, ಹೆಂಗಸರು ಎದೆಯೊಳಗಿಂದ ನಿಜವಾದ ಕೀಲಿಕೈ ತೆಗೆದು, ಮೇಲೆತ್ತಿ ಗಲಗಲ ಅಲ್ಲಾಡಿಸುತ್ತಿದ್ದರು. ಸಾವಿರ ಕೀಲಿಕೈಗಳ ಆ ಸದ್ದಿಗೆ ಬಸ್ಯೂನಿಯೇ ಅತ್ತಿದ್ದುಂಟು. ಊರಿಗೆ ಮರಳಿದ ಮೇಲೂ ಮದುವೆ, ಮುಂಜಿ, ಹಬ್ಬ ಎಲ್ಲಕ್ಕೂ ಅದೇ ಹಾಡು. ಮರಳಿ ಮೂರೇ ವರ್ಷಕ್ಕೆ ಶುಹ್ದಿ ತೀರಿಕೊಂಡ. ಹಾಡು ತೀರಲಿಲ್ಲ.

ಶುಹ್ದಿಯ ಮಗಳು ದಲಾಲ್‌ಗೆ ಆಗ ಎಂಟು ವರ್ಷ. ಅಲ್ಲಿಂದ ಮುಂದೆ ಪ್ರತಿ ಹಬ್ಬಕ್ಕೂ ಅವಳನ್ನು ಕಾಫಿ ಅಂಗಡಿಯ ಮೇಜಿನ ಮೇಲೆ ನಿಲ್ಲಿಸಿ ಕೀಲಿಕೈ ಹಾಡು ಹಾಡಿಸಿದರು. ಜನ ಅತ್ತರು, ಹಣೆಗೆ ಮುತ್ತಿಟ್ಟರು, ಸಕ್ಕರೆ ಗೊಂಬೆ ಕೊಟ್ಟರು. ಶುಹ್ದಿಯ ಮಗು ಎಂದರೇ ಹೊರತು ನಿನ್ನ ಹೆಸರೇನು ಮರೀ ಎಂದು ಯಾರೂ ಕೇಳಲಿಲ್ಲ. ಹದಿನೈದಕ್ಕೆ ಅವಳು ಬಾಯಿ ಮುಚ್ಚಿದಳು. ಹತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿದಳು. ಕಳೆದ ಚಳಿಗಾಲದಲ್ಲಿ ಒಂದು ದಿನ ಬಸ್ಯೂನಿಯ ಮನೆಗೆ ಬಂದು, ತಾನೇ ಕಟ್ಟಿದ ನಾಲ್ಕು ಹಾಡು ಹೇಳಿ ತೋರಿಸಿದಳು. ಬಸ್ಯೂನಿಗೆ ಮೈ ಜುಮ್ಮೆಂದಿತು.

"ಒಂದೇ ಮಾತು ಚಿಕ್ಕಪ್ಪ," ಎಂದಿದ್ದಳು ಅವತ್ತು. "ಅಪ್ಪನ ಹಾಡು ಒಂದೂ ಬೇಡ. ಬಳಗಕ್ಕೆ ಆ ಹೆಸರೂ ಬೇಡ. ಅದನ್ನ ನುಡಿಸಿದ ದಿನ ನಾನು ಎದ್ದು ಹೋಗ್ತೀನಿ, ಮತ್ತೆ ಬಾಯಿ ಬಿಡಲ್ಲ."

"ನನ್ನಾಣೆ ಮಗಳೇ," ಎಂದಿದ್ದ ಬಸ್ಯೂನಿ. ಬಳಗದ ಹೆಸರು ಆಚೆದಡ ಎಂದಾಯಿತು.

ಆಣೆ ಇಟ್ಟಿದ್ದು ಸುಲಭ. ಆದರೆ ಪೋರ್ಟ್ ಸಯೀದಿನವರಿಗೆ ಸುಮ್ಮನೆ ಕೂತು ಹಾಡು ಕೇಳುವ ಅಭ್ಯಾಸವಿಲ್ಲ. ಅವರು ಹಾಡಲು ಬರುತ್ತಾರೆ. ಗಾಯಕ ಒಂದು ಸಾಲು ಕರೆದರೆ ಮುಂದಿನ ಸಾಲು ಕೂಟದವರದು. ತಾಳ ಅವರ ಚಪ್ಪಾಳೆಯದು. ಅರ್ಧ ಬಳಗ ಎದುರಿಗೇ ಕೂತಿರುತ್ತದೆ. ಯಾರಿಗೂ ಗೊತ್ತಿಲ್ಲದ ಹಾಡಿಗೆ ಮರುಸಾಲು ಯಾರು ಹೇಳಬೇಕು? ಹೋದ ತಿಂಗಳು ಇಸ್ಮಾಯಿಲಿಯಾದ ಒಂದು ಮದುವೆಯಲ್ಲಿ ಹೊಸ ಹಾಡು ಎತ್ತಿದಾಗ ಎರಡನೇ ಸಾಲಿಗೇ ಚಪ್ಪಾಳೆ ನಿಂತಿತು. ಬೈಗುಳವಿಲ್ಲ, ಕೂಗಾಟವಿಲ್ಲ. ಕೈಗಳು ಸುಮ್ಮನೆ ತೊಡೆಯ ಮೇಲೆ ಇಳಿದವು. ಅವತ್ತಿನಿಂದ ಬಸ್ಯೂನಿಗೆ ನಿದ್ದೆಯಲ್ಲೂ ಆ ಕೈಗಳೇ ಕಾಣುತ್ತಿದ್ದವು. ಇವತ್ತು ಸ್ವಂತ ಊರಿನಲ್ಲಿ, ಹಬ್ಬದ ಕೂಟದಲ್ಲಿ ಅದೇ ಆದರೆ ಬಳಗದ ಕಥೆ ಮುಗಿದಂತೆ. ಊರೇ ಒಲ್ಲೆ ಎಂದವರನ್ನು ಬೇರೆ ಯಾರು ಕರೆದಾರು? ದಲಾಲ್ ಮತ್ತೆ ಕಾಲರ್ ಹೊಲಿಯಲು ಕೂರುತ್ತಾಳೆ. ಹೊಸ ಹಾಡನ್ನು ಮೂರನೇ ತಂತಿ ಮುಟ್ಟದೆ ಹೇಗೋ ಸಾಗಿಸುವುದು, ಚಪ್ಪಾಳೆ ನಿಲ್ಲುವ ಲಕ್ಷಣ ಕಂಡರೆ ಕೈ ಹಳೆಯ ಹಾಡಿಗೆ ಜಾರಲಿ, ಒಂದೇ ಒಂದು ಸಲ. ಆಮೇಲೆ ಅವಳನ್ನು ಹೇಗಾದರೂ ಸಮಾಧಾನ ಮಾಡಿದರಾಯಿತು. ಬಿರಡೆ ತಿರುಗಿಸುವಾಗ ಅವನ ತಲೆಯಲ್ಲಿ ಇದ್ದದ್ದು ಇಷ್ಟೇ.

ಮಧ್ಯಾಹ್ನದ ಮೇಲೆ, ಕಾಲುವೆಯಾಚೆಯ ಪೋರ್ಟ್ ಸಯೀದಿಗೆ ಹೋಗಲು ಮೂವರೂ ಪೋರ್ಟ್ ಫುವಾದಿನ ಕಟ್ಟೆಯಿಂದ ದೋಣಿ ಹತ್ತಿದರು. ಮೂರನೆಯವನು ಫುತೂಹ್, ತಬ್ಲಾ ಬಾರಿಸುವವನು, ಹೊಟ್ಟೆಯೇ ಇನ್ನೊಂದು ತಬ್ಲಾದಂತಿದ್ದವನು.

"ಏನ್ ರಯ್ಯಿಸ್, ಏನ್ ಯಜಮಾನ್ರೇ, ಮುಖ ಉಪ್ಪು ಹಾಕಿಟ್ಟ ಮೀನಿನ ಥರ ಆಗಿದೆ?" ಎಂದ ಫುತೂಹ್. "ಮನೇಲಿ ತಿನ್ನೋಕೆ ಬಿಡ್ಲಿಲ್ವಾ, ಇಲ್ಲ ಜಾಸ್ತಿ ತಿಂದ್ರಾ?"

"ಸುಮ್ನಿರೋ."

"ಹೆದರ್ಬೇಡಿ. ಜನ ಹೊಡೆದ್ರೆ ನನ್ ಹಿಂದೆ ನಿಂತ್ಕೊಳಿ. ಇಬ್ಬರು ಆರಾಮಾಗಿ ಹಿಡೀತಾರೆ."

ದಲಾಲ್ ನಕ್ಕಳು. ಕಟಕಟೆ ಹಿಡಿದು ನೀರು ನೋಡುತ್ತ ನಿಂತವಳು ಬಸ್ಯೂನಿಯ ಹತ್ತಿರ ಸರಿದು, "ಇಸ್ಮಾಯಿಲಿಯಾ ಆದ್ಮೇಲೆ ನಂಗೂ ಎದೇಲಿ ಅವಲಕ್ಕಿ ಕುಟ್ತಾ ಇದೆ ಚಿಕ್ಕಪ್ಪ," ಎಂದಳು. "ಆದ್ರೆ ನೀವು ಪಕ್ಕದಲ್ಲಿ ಕೂತಿರ್ತೀರಲ್ಲ. ಅದೊಂದೇ ಧೈರ್ಯ."

ಬಸ್ಯೂನಿ ಕಂಬಳಿಯ ಗಂಟನ್ನು ಎದೆಗೆ ಇನ್ನಷ್ಟು ಒತ್ತಿಕೊಂಡ. ಹೇಳಿಬಿಡಬೇಕು ಎನ್ನಿಸಿತು. ಅಷ್ಟರಲ್ಲಿ ದೋಣಿ ದಡ ಮುಟ್ಟಿತು.

ಕಾಫಿ ಅಂಗಡಿಯ ಮುಂದೆ ರಸ್ತೆಯ ಅಗಲಕ್ಕೂ ಬಟ್ಟೆಯ ಫಲಕ ಕಟ್ಟಿದ್ದರು. ಕೆಂಪಕ್ಷರದಲ್ಲಿ ಬರೆದದ್ದು: ಕೀಲಿಕೈ ಬಳಗ ಮತ್ತೆ ಬಂದಿದೆ! ಶುಹ್ದಿಯ ಮಗಳ ಹಾಡುಗಾರಿಕೆ!

ದಲಾಲ್ ಸೀದಾ ಮಾಲೀಕನ ಗಲ್ಲಾದ ಮುಂದೆ ಹೋಗಿ ನಿಂತಳು.

"ಅದನ್ನ ಇಳಿಸಿ."

"ಅಯ್ಯೋ ತಾಯಿ, ಆಚೆದಡ ಅಂತ ಬರೆದಿದ್ರೆ ಜನ ದೋಣಿ ಕಂಪನಿಯವ್ರು ಅಂದ್ಕೋತಿದ್ರು," ಎಂದ ಮಾಲೀಕ. "ನೀನು ಶುಹ್ದಿ ಮಗಳು ತಾನೇ? ಸುಳ್ಳು ಬರೆಸಿದೀನಾ?"

"ನಂಗೂ ಒಂದು ಹೆಸರಿದೆ. ಇಳಿಸಿ, ಇಲ್ಲಾಂದ್ರೆ ಬಂದ ದೋಣೀಲೇ ವಾಪಸ್."

ಮಾಲೀಕ ಗೊಣಗುತ್ತ ಫಲಕ ಬಿಚ್ಚಿಸಿದ. ಬಿಚ್ಚಿ ಏನು ಬಂತು? ಅದನ್ನು ಓದಿದವರೆಲ್ಲ ಆಗಲೇ ಒಳಗೆ ಕೂತಾಗಿತ್ತು. ರಸ್ತೆಯ ತನಕ ಕುರ್ಚಿಗಳು, ಕುರ್ಚಿಗಳ ನಡುವೆ ನೆಲದ ಮೇಲೆ ಹೆಂಗಸರು, ಎಲ್ಲರ ಬಾಯಲ್ಲೂ ಮೀನು ಈರುಳ್ಳಿಯ ವಾಸನೆ. ಮುಂದಿನ ಸಾಲಿನ ನಟ್ಟನಡುವೆ ಮೀನು ಮಾರುವ ಹಜ್ಜಾ ನಬವಿಯ್ಯಾ ಕಾಲು ಚಾಚಿ ಕೂತಿದ್ದಳು. ಅವಳ ಕತ್ತಿನ ದಾರದಲ್ಲಿ ಗೇಣುದ್ದದ ಹಳೆಯ ಕೀಲಿಕೈ ನೇತಾಡುತ್ತಿತ್ತು.

ಅದನ್ನು ಕಂಡದ್ದೇ ಬಸ್ಯೂನಿ ಹಿಂದಿನ ಕೋಣೆಗೆ ನುಸುಳಿದ. ನಾಲ್ಕು ತಿಂಗಳು ಅವರು ಅಭ್ಯಾಸ ಮಾಡಿದ್ದು ಅಲ್ಲೇ, ಸಕ್ಕರೆ ಮೂಟೆಗಳ ನಡುವೆ. ಚಹಾ ಕಾಯಿಸುವ ಸನ್ಹೂರಿ ಒಲೆಯ ಮುಂದೆ ಬೆವರು ಸುರಿಸುತ್ತ ಲೋಟ ತೊಳೆಯುತ್ತಿದ್ದ.

"ಬಂದ್ರಾ ಪುಣ್ಯಾತ್ಮರು?" ಎಂದ ಸನ್ಹೂರಿ. "ನಾಲ್ಕು ತಿಂಗಳಿಂದ ಅದೇ ನಾಲ್ಕು ಹಾಡು! ನನ್ ಕಿವಿ ತೂತು ಬಿದ್ದೋಯ್ತು. ಮೊನ್ನೆ ನಿದ್ದೇಲಿ ಹಾಡ್ದೆ ಅಂತ ಹೆಂಡ್ತಿ ಒದ್ದು ಎಬ್ಬಿಸಿದ್ಲು. ಇವತ್ತಾದ್ರೂ ಬೇರೇವ್ರ ಕಿವಿ ಕೊರೀರಿ, ನನ್ನ ಬಿಡಿ."

ಬಸ್ಯೂನಿ ಮೂಟೆಯ ಮೇಲೆ ಕೂತು ಕಂಬಳಿ ಬಿಚ್ಚಿದ. ಬೆರಳು ಮೂರನೇ ಬಿರಡೆಯ ಮೇಲಿತ್ತು. ಒಂದು ಸಲ ತಿರುಗಿಸಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಆದರೆ ಆ ತಂತಿ ಶುಹ್ದಿ ಕೈಯಾರೆ ಕಟ್ಟಿದ್ದು, ಟೆಲಿಫೋನ್ ತಂತಿಯ ಎಳೆ ಬಿಡಿಸಿ ಮಾಡಿದ್ದು. ಹದಿನಾರು ವರ್ಷಕ್ಕೂ ಮೇಲಾಯಿತು, ಬುಡದಲ್ಲಿ ಸವೆದಿದೆ. ಇಳಿಸಿದ್ದನ್ನು ಮತ್ತೆ ಏರಿಸಲು ಹೋಗಿ ಹರಿದರೆ? ಇದು ನೆಪ ಎಂದು ಅವನಿಗೇ ಗೊತ್ತಿತ್ತು. ಹೊರಗೆ ನಬವಿಯ್ಯಾಳ ನಗು ಕೇಳಿಸಿತು. ಇಸ್ಮಾಯಿಲಿಯಾದ ಕೈಗಳು ಕಣ್ಣ ಮುಂದೆ ಬಂದವು. ಅವನು ಬೆರಳು ತೆಗೆದ.

ಕೂಟ ಕೂಡಿತು. ದಲಾಲ್ ಮೈಕಿನ ಮುಂದೆ ಕೂತಳು, ಅವಳ ಬಲಕ್ಕೆ ಬಸ್ಯೂನಿ, ಎಡಕ್ಕೆ ಫುತೂಹ್. ಹಾಡು ಎತ್ತುವ ಮುಂಚೆ ಐದೂ ತಂತಿಗಳನ್ನು ಒಮ್ಮೆ ಸೆಳೆದು ಶ್ರುತಿ ಕೇಳಿಸಬೇಕು. ಅದು ಪದ್ಧತಿ, ತಪ್ಪಿಸುವಂತಿಲ್ಲ. ಬೆಳಿಗ್ಗೆಯಿಂದ ಎಲ್ಲವನ್ನೂ ಲೆಕ್ಕ ಹಾಕಿದ್ದ ಬಸ್ಯೂನಿ ಇದೊಂದನ್ನು ಮರೆತಿದ್ದ. ಭಯ ಹೊಕ್ಕ ತಲೆ ಹಾಗೆಯೇ, ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಎಣಿಸುತ್ತದೆ. ಕೈ ತಾನಾಗಿಯೇ ತಂತಿಗಳ ಮೇಲೆ ಹರಿಯಿತು.

ಒಂದು, ಎರಡು, ಮೂರು, ನಾಲ್ಕು, ಐದು.

ಪೋರ್ಟ್ ಸಯೀದಿನ ಕಿವಿಗೆ ಅಷ್ಟು ಸಾಕು. ಮರುಕ್ಷಣ ನಬವಿಯ್ಯಾ, "ಯಾ ಶುಹ್ದೀ! ಯಾ ಹಬೀಬೀ!" ಎಂದು ಎದೆ ಬಿರಿಯುವಂತೆ ಕೂಗಿ ಕತ್ತಿನ ಕೀಲಿಕೈ ಮೇಲೆತ್ತಿದಳು. ಇನ್ನೊಂದು ಕೀಲಿಕೈ ಮೇಲೆದ್ದಿತು. ಹತ್ತು. ನೂರು. ಗಲಗಲ ಸದ್ದು ಎದ್ದಿತು. ಯಾರೂ ಹೇಳದೆಯೇ ಚಪ್ಪಾಳೆ ಶುರುವಾಯಿತು, ಹಳೆಯ ಹಾಡಿನ ಹಳೆಯ ತಾಳ, ಮುನ್ನೂರು ಜೊತೆ ಅಂಗೈ.

ಇದೇ ಚಪ್ಪಾಳೆಗಾಗಿ ಬಸ್ಯೂನಿ ಬೆಳಿಗ್ಗೆ ಕಳ್ಳತನ ಮಾಡಿದ್ದು. ಈಗ ಅದು ಮೈಮೇಲೆ ಬೀಳುವ ಗೋಡೆಯಂತೆ ಕಂಡಿತು. ದಲಾಲ್ ಕತ್ತು ತಿರುಗಿಸಿ ಅವನನ್ನಲ್ಲ, ಅವನ ಮೂರನೇ ಬಿರಡೆಯನ್ನು ನೋಡಿದಳು.

"ಯಾವಾಗ ಮಾಡಿದ್ರಿ ಇದನ್ನ?"

"ಬೆಳಿಗ್ಗೆ."

"ದೋಣೀಲಿ ಬರ್ತಾ ಗೊತ್ತಿತ್ತು ನಿಮ್ಗೆ."

"ಹೆದರಿಕೆ ಆಯ್ತಮ್ಮ," ಎಂದ.

ಅವಳು ಎದ್ದು ನಿಂತಳು. ಹಾಡಲು ಎದ್ದಳೆಂದುಕೊಂಡು ಜನ ಹುಚ್ಚೆದ್ದರು. ಅವಳನ್ನು ಮತ್ತೆ ಮೇಜಿನ ಮೇಲೆ ಹತ್ತಿಸುವವರ ಹಾಗೆ ನಾಲ್ಕಾರು ಕೈಗಳು ಮುಂದೆ ಬಂದವು. ಬಸ್ಯೂನಿ ಅವಳ ಮುಖ ನೋಡಿದ. ಎಂಟು ವರ್ಷದ ಮಗುವಿನ ಮುಖ. ಅವತ್ತೂ ಪಕ್ಕದಲ್ಲಿ ಕೂತು ನುಡಿಸುತ್ತಿದ್ದವನು ತಾನೇ ಅಲ್ಲವೇ? ಏಳು ವರ್ಷ ಆ ಮುಖ ನೋಡಿಯೂ ನೋಡದವನ ಹಾಗೆ ನುಡಿಸಿದವನು ಬೇರೆ ಯಾರು?

ಅವನು ಅಂಗೈಯನ್ನು ತಂತಿಗಳ ಮೇಲೆ ಬಡಿದು ಸದ್ದು ಅಡಗಿಸಿದ. ಅವಳ ಮೈಕನ್ನು ತನ್ನತ್ತ ಎಳೆದುಕೊಂಡ. ಮೈಕ್ ಹಲ್ಲಿಗೆ ತಾಗಿತು.

"ನಿಲ್ಸಿ," ಎಂದ. "ನಿಲ್ಸಿ ಸ್ವಲ್ಪ. ತಪ್ಪು ನಂದು. ಶ್ರುತಿ ತಪ್ಪಿದೆ."

"ತಪ್ಪಿಲ್ಲ ಕಣೋ ಬಸ್ಯೂನಿ!" ನಬವಿಯ್ಯಾ ಕೂಗಿದಳು. "ಸರಿಯಾಗೇ ಇದೆ! ಇದು ನಮ್ದು!"

"ನಿಮ್ದು ಹೌದು ಹಜ್ಜಾ. ಇವಳದ್ದಲ್ಲ. ದಲಾಲ್‌ದು ಬೇರೆ ಇದೆ."

ಚಪ್ಪಾಳೆ ಒಂದೊಂದೇ ಕಡೆಯಿಂದ ಹರಿದು ನಿಂತಿತು. ಮುನ್ನೂರು ಜನರ ಎದುರು, ಯಾವ ಮರೆಯೂ ಇಲ್ಲದೆ, ಬಸ್ಯೂನಿ ಬಿರಡೆಗೆ ಕೈ ಹಾಕಿದ. ಬೆವರಿಗೆ ಬೆರಳು ಜಾರಿತು. ಅಂಗಿಗೆ ಒರೆಸಿಕೊಂಡು ಮತ್ತೆ ಹಿಡಿದ. ತಂತಿ ಮೀಟಿದ, ತಿರುಗಿಸಿದ, ಮೀಟಿದ. ಸ್ವರ ಇಷ್ಟಿಷ್ಟೇ ಮೇಲೇರುವುದು ಎಲ್ಲರಿಗೂ ಕೇಳಿಸುತ್ತಿತ್ತು. "ಏನ್ ರಯ್ಯಿಸ್, ಕಿವಿ ಮನೇಲಿ ಬಿಟ್ ಬಂದ್ರಾ?" ಎಂದನೊಬ್ಬ. ನಗು. "ದುಡ್ಡು ವಾಪಸ್ ಕೊಡ್ಸಿ!" ಎಂದ ಇನ್ನೊಬ್ಬ, ದುಡ್ಡೇ ಕೊಡದೆ ಬಂದವನು. ಬಿರಡೆ ಕಿರ್ರೆಂದಿತು. ಬುಡದಲ್ಲಿ ಸವೆದ ಜಾಗ ಕಣ್ಣಿಗೇ ಕಾಣುತ್ತಿತ್ತು. ಈಗ ಹರಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಯಾ ರಬ್, ಇದೊಂದು ಸಲ ತಡೆದುಕೊಳ್ಳಲಿ. ಅವನು ಇನ್ನೊಂದು ಕೂದಲೆಳೆ ತಿರುಗಿಸಿ ಕೈ ತೆಗೆದ.

ತಂತಿ ಹರಿಯಲಿಲ್ಲ.

ದಲಾಲ್ ಇನ್ನೂ ನಿಂತೇ ಇದ್ದಳು. ಹೋಗುವವಳೋ, ಇರುವವಳೋ ಬಸ್ಯೂನಿಗೆ ತಿಳಿಯಲಿಲ್ಲ. ಅವನು ಹೊಸ ಹಾಡಿನ ಮೊದಲ ಸುತ್ತು ನುಡಿಸಿದ. ಫುತೂಹ್ ಜೊತೆಗೆ ಬಂದ. ಎರಡನೇ ಸುತ್ತಿಗೂ ಅವಳು ಬಾಯಿ ತೆರೆಯಲಿಲ್ಲ. ಮೂರನೇ ಸುತ್ತಿಗೆ ಅವನ ಮುಂದಿನಿಂದ ಮೈಕು ಕಿತ್ತುಕೊಂಡು, ನಿಂತಲ್ಲೇ ಎತ್ತಿದಳು. ದೋಣಿಯವನು ಹಗ್ಗ ಬಿಚ್ಚುವ ಮುಂಚೆ ಕೂಗುವ ಕೂಗು ಅದು:

"ಹೊರಟಿತು ದೋಣಿ ಆಚೆದಡಕೆ, ಇನ್ನು ಯಾರಿದ್ದೀರಿ?"

ಮರುಸಾಲು ಕೂಟದ್ದು. ಕೂಟ ಸುಮ್ಮನಿತ್ತು. ಬಸ್ಯೂನಿ, ಫುತೂಹ್ ಇಬ್ಬರೇ ಒಡಕು ದನಿಯಲ್ಲಿ ಹೇಳಿದರು:

"ನಾನೊಬ್ಬ ಇದ್ದೀನಿ, ನಿಲ್ಲಿಸ್ರೋ!"

ಮುಂದಿನ ಚರಣಕ್ಕೆ ಅಲ್ಲಲ್ಲಿ ಎದ್ದಿದ್ದ ಚಪ್ಪಾಳೆ ತಾಳ ಸಿಕ್ಕದೆ ಕೈಬಿಟ್ಟಿತು. ಕೈಗಳು ತೊಡೆಗಿಳಿದವು. ಬಸ್ಯೂನಿಗೆ ಗೊತ್ತಿದ್ದ ನೋಟವೇ. ಹಿಂದಿನ ಸಾಲಿನಲ್ಲಿ ಕುರ್ಚಿಗಳು ಕರಕರ ಸರಿದವು. ನಬವಿಯ್ಯಾ ಕೀಲಿಕೈಯನ್ನು ಎದೆಯೊಳಗೆ ಇಳಿಸಿಕೊಂಡು, ಮಂಡಿ ಹಿಡಿದು ಎದ್ದಳು. ಅವಳ ಹಿಂದೆ ಒಂದು ಸಾಲು ಹೆಂಗಸರೇ ಎದ್ದರು.

"ಹೊರಟಿತು ದೋಣಿ ಆಚೆದಡಕೆ, ಇನ್ನು ಯಾರಿದ್ದೀರಿ?"

ಈ ಸಲ ಬಸ್ಯೂನಿ ಎದ್ದು ಹೋಗುವವರನ್ನು ನೋಡುತ್ತ ಮರುಸಾಲು ತಪ್ಪಿಸಿಕೊಂಡ. ಫುತೂಹ್ ಒಬ್ಬನೇ ಗೊಗ್ಗರು ದನಿಯಲ್ಲಿ ಏನೋ ಅಂದ. ಇನ್ನೊಂದು ಸಲ ಕರೆಯುವುದು ಬಾಕಿ ಇತ್ತು, ಆಮೇಲೆ ಹಾಡು ಮುಗಿಯುತ್ತದೆ, ಎಲ್ಲವೂ ಮುಗಿಯುತ್ತದೆ. ಅವಳು ಕಣ್ಣು ಮುಚ್ಚಿ ಕರೆದಳು.

"ಇನ್ನು ಯಾರಿದ್ದೀರಿ?"

"ನಾನೊಬ್ಬ ಇದ್ದೀನಿ, ನಿಲ್ಲಿಸ್ರೋ!"

ದನಿ ಬಂದದ್ದು ಹಿಂದಿನ ಕೋಣೆಯಿಂದ. ಸನ್ಹೂರಿ! ಎರಡು ಕೈಯಲ್ಲೂ ತೊಳೆದ ಲೋಟ, ಹೆಗಲ ಮೇಲೆ ಒದ್ದೆ ಬಟ್ಟೆ, ಬಾಗಿಲಲ್ಲಿ ನಿಂತು ಒದರಿದ್ದ. ಇಡೀ ಊರಿನಲ್ಲಿ ಆ ಸಾಲು ಬಾಯಿಪಾಠವಾಗಿದ್ದದ್ದು ಅವನೊಬ್ಬನಿಗೇ. ಜನ ತಿರುಗಿ ನೋಡಿದರು, ಗೊಳ್ಳೆಂದು ನಕ್ಕರು.

"ಏನ್ ನಗ್ತೀರಿ?" ಎಂದ ಸನ್ಹೂರಿ. "ನಾಲ್ಕು ತಿಂಗಳು ಕೇಳಿ ನೋಡಿ, ನಿಮ್ಗೂ ಬರುತ್ತೆ. ಎರಡು ಹೊಡ್ತ, ಒಂದು ಬಿಡೋದು. ಕೈ ಇಲ್ವಾ?" ಎಂದವನು ಲೋಟಕ್ಕೆ ಲೋಟ ತಟ್ಟಿ ತಾಳ ತೋರಿಸಿದ.

ದಲಾಲ್ ಹಾಡನ್ನು ಮುಗಿಸಲಿಲ್ಲ. ಮತ್ತೆ ಮೊದಲಿನಿಂದ ಎತ್ತಿದಳು. ಈ ಸಲ ಮರುಸಾಲಿಗೆ ಸನ್ಹೂರಿಯ ಜೊತೆ ಮೂಲೆಯ ಮೇಜಿನ ಬಂದರು ಕೂಲಿಗಳು ನಾಲ್ವರು ಸೇರಿದರು, ನಗುತ್ತಲೇ, ಅರ್ಧಂಬರ್ಧ. ಅದರ ಮುಂದಿನ ಸಲಕ್ಕೆ ನಗು ಕಡಿಮೆಯಾಗಿತ್ತು, ದನಿಗಳು ಇಪ್ಪತ್ತಾಗಿದ್ದವು. ನಬವಿಯ್ಯಾ ಮಾತ್ರ ಹಿಂತಿರುಗಿ ನೋಡದೆ ರಸ್ತೆ ದಾಟಿ ಹೋದಳು. ಅವಳ ಜೊತೆ ಕಾಲುಭಾಗ ಕೂಟವೂ ಹೋಯಿತು. ಉಳಿದವರು ಸೂರ್ಯ ಮುಳುಗುವ ತನಕ ಕೂತರು. ನಾಲ್ಕೂ ಹಾಡು ಎರಡೆರಡು ಸಲ ಆಯಿತು. ಕೊನೆಯ ತನಕವೂ ಬಸ್ಯೂನಿಗೆ ಪ್ರತಿ ಮರುಸಾಲಿಗೂ ಇದೇ ಕೊನೆ, ಇನ್ನು ಬರುವುದಿಲ್ಲ ಎನ್ನಿಸುತ್ತಿತ್ತು.

ಮರಳಿ ಬರುವಾಗ ದೋಣಿಯಲ್ಲಿ ಫುತೂಹ್ ಮೂಲೆ ಹಿಡಿದು ಕೂತು ಗೊರಕೆ ಹೊಡೆದ. ದಲಾಲ್ ಕಟಕಟೆಯ ಹತ್ತಿರ ಬೆನ್ನು ತಿರುಗಿಸಿ ನಿಂತಳು. ಬಸ್ಯೂನಿಗೆ ಈಗ ಕೂಟದ ಭಯಕ್ಕಿಂತ ಆ ಬೆನ್ನಿನ ಭಯ ಹೆಚ್ಚಾಯಿತು. ನಡುನೀರಿಗೆ ಬಂದಾಗ ಅವಳು ಕೈ ಚಾಚಿದಳು.

"ಕೊಡಿ ಇಲ್ಲಿ."

ಅವನು ಕಂಬಳಿ ಬಿಚ್ಚಿ ಕೊಟ್ಟ. ಮೂವತ್ತು ವರ್ಷದಲ್ಲಿ ಆ ವಾದ್ಯದ ಬಿರಡೆಯನ್ನು ಅವನಲ್ಲದೆ ಮುಟ್ಟಿದವನು ಶುಹ್ದಿ ಒಬ್ಬನೇ.

"ಇನ್ಮೇಲೆ ಶ್ರುತಿ ನಾನೇ ಕೂಡಿಸ್ತೀನಿ," ಎಂದಳು. "ನೀವು ನುಡ್ಸಿ, ಸಾಕು."

"ಆಗ್ಲಮ್ಮ."

ಅವಳು ಮೂರನೇ ತಂತಿ ಮೀಟಿ ಕಿವಿಗೊಟ್ಟಳು. ಇನ್ನೊಂದು ಸಲ ಮೀಟಿದಳು.

"ಇನ್ನೂ ಕೆಳಗೇ ಇದೆ ಚಿಕ್ಕಪ್ಪ. ಅಷ್ಟು ಜನದ ಮುಂದೆಯೂ ಪೂರ್ತಿ ಏರಿಸಲಿಲ್ಲ ನೀವು."

"ಹರೀಬಹುದು ಮಗಳೇ. ಅದು ನಿಮ್ಮಪ್ಪ ಕಟ್ಟಿದ ತಂತಿ."

"ಗೊತ್ತು," ಎಂದು ದಲಾಲ್ ಬಿರಡೆ ಹಿಡಿದು ತಿರುಗಿಸಿದಳು. ಬಸ್ಯೂನಿ ಕಣ್ಣು ಮುಚ್ಚಿಕೊಂಡ.